ಮನಿಯಾರ್ಡರಿನಿಂದ ಮೊಬೈಲಿನವರೆಗೆ: ಪರಸ್ಥಳದ ವಿದ್ಯಾರ್ಥಿಯ ಬದಲಾದ ದಿನಚರಿ

ವಿದ್ಯಾರ್ಥಿ ಜೀವನದ ಇತಿಹಾಸವೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳ ಸ್ಥಾಪನೆ, ಪಠ್ಯಕ್ರಮದ ಚರ್ಚೆ, ಚಳವಳಿಗಳು, ಪರೀಕ್ಷಾ ಪದ್ಧತಿ ಇಷ್ಟರ ಸುತ್ತಲೇ ಬರೆಹ ನಡೆಯುತ್ತದೆ. ವಿದ್ಯಾರ್ಥಿಯೊಬ್ಬನ ದಿನ ಹೇಗೆ ಕಳೆಯುತ್ತಿತ್ತು, ಅದರಲ್ಲಿ ಓದಿಗೆ ಎಷ್ಟು ಸಲ್ಲುತ್ತಿತ್ತು, ಕಾಯುವುದಕ್ಕೆ ಎಷ್ಟು ಸಲ್ಲುತ್ತಿತ್ತು ಎಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ. ಆದರೆ ಕಳೆದ ಮೂರು ದಶಕಗಳಲ್ಲಿ ಅಂತರ್ಜಾಲ ಮತ್ತು ಮೊಬೈಲು ತಂದ ಬದಲಾವಣೆಯನ್ನು ಅರಿಯಬೇಕಾದರೆ ಈ ಕಾಯುವಿಕೆಯ ಕಡೆಗೇ ನೋಡಬೇಕು. ಪತ್ರಕ್ಕಾಗಿ ಕಾಯುವುದು, ಹಣಕ್ಕಾಗಿ ಕಾಯುವುದು, ಫಲಿತಾಂಶಕ್ಕಾಗಿ ಕಾಯುವುದು, ಗ್ರಂಥಾಲಯದಲ್ಲಿ ಬೇರೊಬ್ಬರು ಒಯ್ದ ಪುಸ್ತಕ ಮರಳಿ ಬರುವುದಕ್ಕಾಗಿ ಕಾಯುವುದು: ಇವೆಲ್ಲ ಸೇರಿಯೇ ಹಿಂದಿನ ವಿದ್ಯಾರ್ಥಿಯ ದಿನಚರಿ ರೂಪುಗೊಂಡಿತ್ತು. ಊರು ಬಿಟ್ಟು ಪರಸ್ಥಳದಲ್ಲಿ ಓದಿದವರ ಪಾಲಿಗಂತೂ ಈ ಮಾತು ಇನ್ನೂ ಹೆಚ್ಚು ನಿಜ. ಹೊರನಾಡಿನಲ್ಲಿ ನೆಲೆಸಿರುವ ನಾವು ಈ ಇತಿಹಾಸವನ್ನು ನಮ್ಮ ಕಡೆಯಿಂದಲೂ ಒಮ್ಮೆ ನೋಡಬೇಕಾಗಿದೆ.

ಊರು ಬಿಟ್ಟು ಓದಿದವರು

ಕನ್ನಡಿಗರು ಓದಿಗಾಗಿ ಹೊರನಾಡಿಗೆ ಹೋಗುವುದು ಇಂದಿನ ವಿಷಯವಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರು ಪದವಿ ಪಡೆಯಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಆಲೂರು ವೆಂಕಟರಾಯರೂ ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತಾದ್ದರಿಂದ ಅಲ್ಲಿನವರು ಮದರಾಸಿನತ್ತ ಮುಖ ಮಾಡುತ್ತಿದ್ದರು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದೇ ದಿಕ್ಕಾಗಿತ್ತು. ಅಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ಇನ್ನು ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗರ ಕಥೆಯೇ ಬೇರೆ. ಅವರು ಓದಲೆಂದು ಬಂದವರಲ್ಲ, ದುಡಿಯಲು ಬಂದವರು. ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ ರಾತ್ರಿ ಓದಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ನಡೆಸತೊಡಗಿದ ಕನ್ನಡ ರಾತ್ರಿಶಾಲೆಗಳು ಇಂತಹವರನ್ನು ವಿದ್ಯಾವಂತರನ್ನಾಗಿಸಿದವು.

ಈ ವಿದ್ಯಾರ್ಥಿಗೂ ಊರಿಗೂ ನಡುವೆ ಇದ್ದ ಏಕೈಕ ಸೂತ್ರವೆಂದರೆ ಅಂಚೆ. ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ, ಮನಿಯಾರ್ಡರು ಬಂದದ್ದು 1880ರಲ್ಲಿ. ಮುಂದಿನ ನೂರು ವರ್ಷಗಳಿಗೂ ಹೆಚ್ಚು ಕಾಲ ಪರಸ್ಥಳದ ವಿದ್ಯಾರ್ಥಿಯ ಬದುಕು ಈ ಎರಡರ ಮೇಲೆಯೇ ನಿಂತಿತ್ತು. ಮನಿಯಾರ್ಡರ್ ಫಾರಮ್ಮಿನ ಕೆಳಗೆ ಹರಿದುಕೊಳ್ಳಬಹುದಾದ ಒಂದು ಸಣ್ಣ ಚೀಟಿ ಇರುತ್ತಿತ್ತು. ಮಳೆ ಬಂದದ್ದು, ದನ ಕರು ಹಾಕಿದ್ದು, ಅಜ್ಜಿಗೆ ಮೈ ಸರಿ ಇಲ್ಲದ್ದು, ಹಣವನ್ನು ನೋಡಿಕೊಂಡು ಖರ್ಚು ಮಾಡಬೇಕೆಂಬ ಎಚ್ಚರಿಕೆ, ಎಲ್ಲವೂ ಆ ಎರಡು ಸಾಲಿನ ಜಾಗದಲ್ಲಿ ಅಡಗಬೇಕು. ಹಣ ಬರುವುದು ನಾಲ್ಕು ದಿನ ತಡವಾದರೆ ಖಾನಾವಳಿಯ ಯಜಮಾನನ ಮುಂದೆ ಸಾಲ ಹೇಳಬೇಕು, ಇಲ್ಲವೇ ಕೋಣೆಯ ಗೆಳೆಯನಲ್ಲಿ ಕೈಗಡ ಕೇಳಬೇಕು. ಹೀಗೆ ಕೇಳುವುದರಿಂದ ಒಂದು ನಂಟು ಬೆಳೆಯುತ್ತಿತ್ತು ಎಂಬುದನ್ನೂ ಗಮನಿಸಬೇಕು. ಹೊರನಾಡಿನ ಅನೇಕ ಕನ್ನಡ ಸಂಘಗಳ ಬೇರು ಇಂತಹ ಅಗತ್ಯಗಳಲ್ಲಿಯೇ ಇದೆ. ಹೊಸದಾಗಿ ಬಂದ ಹುಡುಗನಿಗೆ ಖೋಲಿ ಎಲ್ಲಿ ಸಿಗುತ್ತದೆ, ಯಾವ ಖಾನಾವಳಿಯಲ್ಲಿ ಊರಿನ ಸಾರು ಸಿಗುತ್ತದೆ, ಯಾವ ಕಾಲೇಜಿನಲ್ಲಿ ಅರ್ಜಿ ಕೊಡುವ ಕೊನೆಯ ದಿನ ಯಾವುದು ಎಂಬ ತಿಳಿವಳಿಕೆ ಸಂಘದ ಹಿರಿಯರ ಬಳಿ ಇರುತ್ತಿತ್ತು. ಅವರಲ್ಲಿಗೆ ಹೋಗದೆ ಗತ್ಯಂತರವಿರಲಿಲ್ಲ.

ಫಲಿತಾಂಶದ ವಿಷಯವೂ ಹಾಗೆಯೇ. ಪಾಸಾದವರ ನೋಂದಣಿ ಸಂಖ್ಯೆಗಳು ಪತ್ರಿಕೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತಿದ್ದ ಕಾಲವೊಂದಿತ್ತು. ಊರಿಗೆ ಪತ್ರಿಕೆ ಬರುವ ಬಸ್ಸಿಗಾಗಿ ಇಡೀ ಓಣಿಯೇ ಕಾಯುತ್ತಿತ್ತು. ಸಂಖ್ಯೆ ಇದ್ದರೆ ಉತ್ತೀರ್ಣ, ಇಲ್ಲದಿದ್ದರೆ ಇಲ್ಲ. ಅಂಕಗಳನ್ನು ತಿಳಿಯಲು ಮತ್ತೆ ಶಾಲೆಯ ಗೋಡೆಯ ಮುಂದೆ ನಿಲ್ಲಬೇಕು. ದೂರದ ಊರಿನಲ್ಲಿದ್ದವರಿಗೆ ತಂತಿ ಹೋಗುತ್ತಿತ್ತು. ತಂತಿಯೆಂದರೆ ಸಾವಿನ ಸುದ್ದಿಯೆಂದೇ ಹೆದರುತ್ತಿದ್ದ ಮನೆಗಳಲ್ಲಿ ಮಗ ಪಾಸಾದ ತಂತಿ ಬಂದಾಗಲೂ ಮೊದಲು ಅಳು ಕೇಳಿಸುತ್ತಿದ್ದುದುಂಟು. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಾಗ ಅದನ್ನು ಬಳಸುವ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಇರಲೇ ಇಲ್ಲ.

ಕಿರಿದಾದ ಬಾಗಿಲು

ಅಂತರ್ಜಾಲ ಭಾರತಕ್ಕೆ 1995ರಲ್ಲಿ ಬಂತೆಂದು ಹೇಳುವ ರೂಢಿ ಇದೆ. ವಿದ್ಯಾರ್ಥಿಗಳ ಮಟ್ಟಿಗೆ ಅದು ಪೂರ್ತಿ ಸರಿಯಲ್ಲ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಆರಂಭಿಸಿದ ಅರ್ನೆಟ್ ಎಂಬ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದಿನ ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಇವು ಸೇರಿದ್ದವು. ಈ ಕೆಲವೇ ಆವರಣಗಳ ಸಂಶೋಧಕರಿಗೆ ಮಿಂಚಂಚೆಯ ಪರಿಚಯ ಸಾರ್ವಜನಿಕರಿಗಿಂತ ಎಷ್ಟೋ ಮೊದಲು ಆಗಿತ್ತು. ಅದೇ ಬೆಂಗಳೂರಿನ ಇನ್ನೊಂದು ಮೂಲೆಯ ಸರಕಾರಿ ಕಾಲೇಜಿನ ಹುಡುಗನಿಗೆ ಆ ಪದವೂ ಗೊತ್ತಿರಲಿಲ್ಲ. ಸೌಲಭ್ಯ ಮೊದಲು ಉಳ್ಳ ಸಂಸ್ಥೆಗಳಿಗೆ ಬಂದು ಬಹಳ ತಡವಾಗಿ ಉಳಿದವರಿಗೆ ತಲಪುವ ಈ ಕ್ರಮ ಮುಂದೆಯೂ ಪ್ರತಿ ಹಂತದಲ್ಲಿ ಕಾಣುತ್ತದೆ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ತೆರೆಯಿತು. ಅದಕ್ಕೆ ಎರಡು ವಾರ ಮುನ್ನ, ಜುಲೈ 31ರಂದು, ಕಲಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ್ದರು. ಹದಿನೈದು ದಿನಗಳ ಅಂತರದಲ್ಲಿ ಬಂದ ಈ ಎರಡೂ ಸೇವೆಗಳು ಆಗ ವಿದ್ಯಾರ್ಥಿಯ ಕೈಗೆ ಎಟಕುವಂತಿರಲಿಲ್ಲ. ಮೊಬೈಲಿನಲ್ಲಿ ನಿಮಿಷಕ್ಕೆ 16 ರೂಪಾಯಿಯವರೆಗೆ ದರವಿತ್ತು. ಬಂದ ಕರೆಗೂ ಹಣ ತೆರಬೇಕಾಗಿತ್ತು. ಅಂತರ್ಜಾಲದಲ್ಲಿ ವಿದ್ಯಾರ್ಥಿಗಳಿಗೆಂದು ಕಡಿಮೆ ದರದ ಖಾತೆಯೊಂದಿತ್ತು. ಆದರೆ ಅದರಲ್ಲಿ ಚಿತ್ರಗಳು ಕಾಣಿಸುತ್ತಿರಲಿಲ್ಲ, ಕಪ್ಪು ಪರದೆಯ ಮೇಲೆ ಅಕ್ಷರಗಳು ಮಾತ್ರ. ಅದಕ್ಕೂ ಮನೆಯಲ್ಲಿ ಗಣಕಯಂತ್ರವೂ ದೂರವಾಣಿಯೂ ಬೇಕು.

ಆದ್ದರಿಂದ ತೊಂಬತ್ತರ ದಶಕದ ಸಾಮಾನ್ಯ ವಿದ್ಯಾರ್ಥಿಯ ನಿಜವಾದ ಕ್ರಾಂತಿ ಮೊಬೈಲೂ ಅಲ್ಲ, ಅಂತರ್ಜಾಲವೂ ಅಲ್ಲ. ಹಳದಿ ಫಲಕದ ಎಸ್‌ಟಿಡಿ ಬೂತು. 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಮೊದಲು ಬಂದ ಈ ನೇರ ದೂರಕರೆಯ ಸೌಲಭ್ಯವು ಎಂಬತ್ತರ ದಶಕದ ಕೊನೆಯಲ್ಲಿ ಬೀದಿಬೀದಿಗೆ ತಲಪಿತು. ರಾತ್ರಿ ಹೊತ್ತು ಏರಿದಂತೆ ದರ ಇಳಿಯುತ್ತಿದ್ದುದರಿಂದ ಪುಣೆ, ಹೈದರಾಬಾದು, ಮದರಾಸುಗಳ ವಿದ್ಯಾರ್ಥಿ ನಿಲಯಗಳ ಪಕ್ಕದ ಬೂತುಗಳ ಮುಂದೆ ಊಟವಾದ ಮೇಲೆ ಸಾಲು ನಿಲ್ಲುತ್ತಿತ್ತು. ಮೀಟರಿನ ಕೆಂಪು ಅಂಕಿಗಳ ಮೇಲೆ ಕಣ್ಣಿಟ್ಟು ಮಾತನಾಡುವ ಅಭ್ಯಾಸ ಆಗ ಬೆಳೆದದ್ದು. ಊರಿನಲ್ಲಿ ಫೋನು ಇದ್ದದ್ದು ಅಂಗಡಿಯವರ ಮನೆಯಲ್ಲೋ ಪಟೇಲರ ಮನೆಯಲ್ಲೋ ಆದ್ದರಿಂದ ಮೊದಲು ಕರೆ ಮಾಡಿ ಅಮ್ಮನನ್ನು ಕರೆಸಲು ಹೇಳಬೇಕು, ಹತ್ತು ನಿಮಿಷ ಬಿಟ್ಟು ಮತ್ತೆ ಕರೆಯಬೇಕು. ಗುಟ್ಟಿನ ಮಾತು ಹೇಳುವಂತಿಲ್ಲ, ಬೂತಿನವನೂ ಕೇಳುತ್ತಾನೆ, ಆ ಮನೆಯವರೂ ಕೇಳುತ್ತಾರೆ.

ಶತಮಾನ ತಿರುಗುವ ಹೊತ್ತಿಗೆ ಸೈಬರ್ ಕೆಫೆಗಳು ಬಂದವು. ಮರದ ಹಲಗೆಗಳಿಂದ ಮಾಡಿದ ಪುಟ್ಟ ಗೂಡುಗಳಲ್ಲಿ ಗಂಟೆಯ ಲೆಕ್ಕದಲ್ಲಿ ಕುಳಿತು ಮಿಂಚಂಚೆ ಖಾತೆ ತೆರೆದದ್ದು, ವಿದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದು, ಅಪರಿಚಿತರೊಡನೆ ಹರಟಿದ್ದು ಆ ತಲೆಮಾರಿನ ಅನುಭವ. ಫಲಿತಾಂಶ ಪ್ರಕಟವಾಗುವ ದಿನ ಕೆಫೆಯ ಮುಂದೆ ನೂಕುನುಗ್ಗಲು. ಹಿಂದೆ ಪತ್ರಿಕೆಯ ಬಸ್ಸಿಗಾಗಿ ಕಾಯುತ್ತಿದ್ದವರು ಈಗ ತೆರೆದುಕೊಳ್ಳದ ಪುಟಕ್ಕಾಗಿ ಕಾಯುತ್ತಿದ್ದರು. ಆದರೂ ಕೆಫೆ ಸಾರ್ವಜನಿಕ ಸ್ಥಳವಾಗಿತ್ತು. ಹತ್ತಾರು ಜನ ಒಟ್ಟಿಗೆ ಸೇರಿ ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ನೋಡುತ್ತಿದ್ದರು. 2011ರಲ್ಲಿ ಕೇಂದ್ರ ಸರಕಾರ ಸೈಬರ್ ಕೆಫೆಗಳಿಗೆ ಗುರುತಿನ ಚೀಟಿ, ದಾಖಲೆ ಪುಸ್ತಕ ಮುಂತಾದ ನಿಯಮಗಳನ್ನು ವಿಧಿಸುವ ಹೊತ್ತಿಗೆ ಅವುಗಳ ಕಾಲ ಇಳಿಮುಖವಾಗತೊಡಗಿತ್ತು. ಅಂತರ್ಜಾಲ ನಿಧಾನವಾಗಿ ಅಂಗಿಯ ಜೇಬಿಗೆ ಬರುತ್ತಿತ್ತು.

ಮಿಸ್ಡ್ ಕಾಲಿನ ಅರ್ಥಶಾಸ್ತ್ರ

ಮೊಬೈಲು ವಿದ್ಯಾರ್ಥಿಯದಾದ ವರ್ಷವನ್ನು ಗುರುತಿಸಬೇಕಾದರೆ 2003 ಎನ್ನಬಹುದು. ಆ ವರ್ಷದ ಮೇ ತಿಂಗಳಿಂದ ಕರೆ ಮಾಡಿದವರೇ ಹಣ ತೆರುವ ಪದ್ಧತಿ ಜಾರಿಗೆ ಬಂದು ಒಳಬರುವ ಕರೆಗಳು ಉಚಿತವಾದವು. ಟಾರ್ಚು ಇದ್ದ ನೋಕಿಯಾ 1100 ಎಂಬ ಗಟ್ಟಿಮುಟ್ಟಾದ ಅಗ್ಗದ ಫೋನು ಬಂದದ್ದೂ ಅದೇ ವರ್ಷ. ಮಗ ಅಥವಾ ಮಗಳು ಹಣ ಖರ್ಚು ಮಾಡದೆ ಊರಿನಿಂದ ಬಂದ ಕರೆಯನ್ನು ಸ್ವೀಕರಿಸಬಹುದು ಎಂದಾದಾಗ ತಂದೆತಾಯಿಯರೇ ಮುಂದೆ ನಿಂತು ಫೋನು ಕೊಡಿಸಿದರು. ಅದರ ಜೊತೆಗೆ ಮಿಸ್ಡ್ ಕಾಲ್ ಎಂಬ ಹೊಸ ಭಾಷೆಯೇ ಹುಟ್ಟಿತು. ಒಂದು ಸಲ ಬಡಿದರೆ ತಲಪಿದೆ ಎಂದರ್ಥ, ಎರಡು ಸಲ ಬಡಿದರೆ ನೀವೇ ಕರೆ ಮಾಡಿ ಎಂದರ್ಥ. ಒಂದು ಪೈಸೆಯೂ ಖರ್ಚಾಗದೆ ಸುದ್ದಿ ಮುಟ್ಟಿಸುವ ಈ ಜಾಣತನಕ್ಕೆ ಹಳೆಯ ಅಂಚೆ ಕಾರ್ಡಿನ ಮಿತವ್ಯಯವೇ ಪೂರ್ವಜನೆನ್ನಬೇಕು.

ಸಂದೇಶಗಳದ್ದೂ ಒಂದು ಯುಗವಿತ್ತು. ತಿಂಗಳಿಗೆ ಇಷ್ಟೆಂದು ಹಣ ಕಟ್ಟಿದರೆ ದಿನವಿಡೀ ಸಂದೇಶ ಕಳಿಸಬಹುದಾದ ಯೋಜನೆಗಳು ವಿದ್ಯಾರ್ಥಿಗಳನ್ನೇ ಗುರಿಯಾಗಿಸಿದ್ದವು. 2011ರ ಸೆಪ್ಟೆಂಬರಿನಲ್ಲಿ ಜಾಹೀರಾತುಗಳ ಹಾವಳಿಯನ್ನು ತಡೆಯಲೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ದಿನಕ್ಕೆ 100 ಸಂದೇಶಗಳ ಮಿತಿ ಹಾಕಿದಾಗ ಮೊದಲು ಗೊಣಗಿದವರು ಕಾಲೇಜಿನವರು. ಆ ಮಿತಿ ಎರಡೇ ತಿಂಗಳಲ್ಲಿ 200ಕ್ಕೆ ಏರಿತು.

ಈ ಸಂದೇಶಗಳ ಇನ್ನೊಂದು ಮುಖ 2012ರ ಆಗಸ್ಟಿನಲ್ಲಿ ಕಂಡಿತು. ಅಸ್ಸಾಮಿನ ಗಲಭೆಗಳ ಹಿನ್ನೆಲೆಯಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಗಾಳಿಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಡಿ ಬೆಂಗಳೂರು, ಪುಣೆ, ಚೆನ್ನೈ, ಹೈದರಾಬಾದುಗಳಿಂದ ಸಾವಿರಾರು ಜನ ಊರಿನ ರೈಲು ಹತ್ತಿದರು. ಬೆಂಗಳೂರಿನಿಂದ ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಹಾಗೆ ಹೋದವರಲ್ಲಿ ದೊಡ್ಡ ಸಂಖ್ಯೆಯವರು ವಿದ್ಯಾರ್ಥಿಗಳು, ನಮ್ಮಂತೆಯೇ ಊರು ಬಿಟ್ಟು ಬಂದವರು. ಸರಕಾರ ಕೆಲವು ದಿನ ಒಟ್ಟಿಗೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ನಿರ್ಬಂಧಿಸಿತು. ಪರಸ್ಥಳದ ವಿದ್ಯಾರ್ಥಿಗೆ ಆಸರೆಯಾಗಿದ್ದ ಅದೇ ಸಾಧನ ಅವನನ್ನು ಒಂದು ರಾತ್ರಿಯಲ್ಲಿ ಓಡಿಸಲೂ ಬಲ್ಲದು ಎಂಬುದು ಆಗ ಮೊದಲ ಬಾರಿಗೆ ಇಷ್ಟು ದೊಡ್ಡದಾಗಿ ತಿಳಿಯಿತು. ಆ ದಿನಗಳಲ್ಲಿ ಎಷ್ಟೋ ಮನೆಯ ಮಾಲೀಕರು, ಸಹಪಾಠಿಗಳು ನಿಲ್ದಾಣದವರೆಗೆ ಹೋಗಿ ನಿಲ್ಲಿಸಿಕೊಳ್ಳಲು ಯತ್ನಿಸಿದರು. ಗಾಳಿಸುದ್ದಿಗೆ ಮದ್ದಾಗಿ ಒದಗಿದ್ದು ಎದುರು ನಿಂತು ಮಾತನಾಡಿದ ಪರಿಚಿತ ಮುಖವೇ.

ಜೆರಾಕ್ಸಿನಿಂದ ಕಡತಕ್ಕೆ

ಓದಿನ ಸಾಮಗ್ರಿಯ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. ಎಂಬತ್ತರ ದಶಕದಿಂದ ಪ್ರತಿ ಕಾಲೇಜಿನ ಬಾಗಿಲಲ್ಲಿ ಒಂದು ಜೆರಾಕ್ಸ್ ಅಂಗಡಿ ಇತ್ತು. ಚೆನ್ನಾಗಿ ಬರೆಯುವ ಒಬ್ಬಳ ಟಿಪ್ಪಣಿ ಪುಸ್ತಕ ಇಡೀ ತರಗತಿಯ ಆಸ್ತಿಯಾಗುತ್ತಿತ್ತು. ದುಬಾರಿ ಪುಸ್ತಕಗಳ ಅಧ್ಯಾಯಗಳನ್ನು ಜೋಡಿಸಿದ ಸುರುಳಿಕಟ್ಟಿನ ಸಂಪುಟಗಳು ಅಲ್ಲಿ ಸಿಗುತ್ತಿದ್ದವು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸಿನ ಆವರಣದ ಇಂತಹ ಅಂಗಡಿಯೊಂದರ ಮೇಲೆ ಮತ್ತು ದೆಹಲಿ ವಿಶ್ವವಿದ್ಯಾಲಯದ ಮೇಲೆ ಮೂವರು ದೊಡ್ಡ ಪ್ರಕಾಶಕರು 2012ರಲ್ಲಿ ಮೊಕದ್ದಮೆ ಹೂಡಿದರು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ಅಂಗಡಿಯ ಪರವಾಗಿ ತೀರ್ಪು ನೀಡಿತು. ಮರುವರ್ಷ ಪ್ರಕಾಶಕರು ಮೊಕದ್ದಮೆಯನ್ನು ಹಿಂತೆಗೆದುಕೊಂಡರು. ವಿದ್ಯಾರ್ಥಿಯ ಓದುವ ಹಕ್ಕಿಗೆ ಸಂದ ದೊಡ್ಡ ಗೆಲುವದು. ಆದರೆ ಗೆಲುವು ಬರುವ ಹೊತ್ತಿಗೆ ವಿದ್ಯಾರ್ಥಿಗಳು ಜೆರಾಕ್ಸನ್ನು ಬಿಟ್ಟು ಪಿಡಿಎಫ್ ಕಡತಗಳ ಕಡೆಗೆ ಸರಿದಾಗಿತ್ತು.

ದೂರಶಿಕ್ಷಣದ ಆಸೆಯೂ ಹಳೆಯದೇ. 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ದೂರದರ್ಶನದಲ್ಲಿ ಪಾಠಗಳನ್ನು ಬಿತ್ತರಿಸತೊಡಗಿತು. 2004ರಲ್ಲಿ ಶಿಕ್ಷಣಕ್ಕೆಂದೇ ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಇದ್ದವು. ಇವೆರಡರಲ್ಲೂ ವಿದ್ಯಾರ್ಥಿ ನಿಗದಿತ ಹೊತ್ತಿಗೆ ಪರದೆಯ ಮುಂದೆ ಇರಬೇಕಾಗಿತ್ತು, ತಪ್ಪಿದರೆ ತಪ್ಪಿತು. ಏಳು ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಕೈಗೊಂಡ ಎನ್‌ಪಿಟೆಲ್ ಯೋಜನೆಯ ಪಾಠಗಳು ಅಂತರ್ಜಾಲಕ್ಕೆ ಬಂದಾಗ ಈ ಬಂಧನ ಕಳಚಿತು. ಒಂದು ಕಾಲದಲ್ಲಿ ಪ್ರವೇಶ ಪರೀಕ್ಷೆ ಗೆದ್ದವರಿಗಷ್ಟೇ ಕೇಳಿಸುತ್ತಿದ್ದ ಪಾಠವನ್ನು ಈಗ ಸೇಡಂನ ಹುಡುಗಿಯೂ ಅರ್ಥವಾಗುವವರೆಗೆ ಹಿಂದೆ ಮುಂದೆ ಮಾಡಿ ಕೇಳಬಹುದು. ಹಾಗೆಯೇ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಶೋಧಗಂಗಾ ಬಂದ ಮೇಲೆ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಕುಳಿತ ಸಂಶೋಧಕಿ ಎಷ್ಟೋ ಪ್ರಬಂಧಗಳಿಗಾಗಿ ಮೈಸೂರು, ಧಾರವಾಡಗಳ ಗ್ರಂಥಾಲಯಗಳಿಗೆ ಪ್ರವಾಸ ಹೋಗಬೇಕಾದ ಅಗತ್ಯ ತಪ್ಪಿತು. ಈ ಲಾಭಗಳನ್ನು ಸಣ್ಣದೆಂದು ಯಾರೂ ಎಣಿಸಬಾರದು. ಅಂತರ್ಜಾಲವನ್ನು ಬರಿಯ ಕಾಲಹರಣದ ಸಾಧನವೆಂದು ಬಯ್ಯುವ ನಮ್ಮ ಹಿರಿಯರು ಒಂದು ಪುಸ್ತಕಕ್ಕಾಗಿ ತಾವು ಪಟ್ಟ ಪಾಡನ್ನು ನೆನೆದರೆ ಸಾಕು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾದ ಬೆಲೆ ಕುಸಿಯಿತು. ಅದೇ ವರ್ಷ ಬಂದ ಯುಪಿಐ ಮನಿಯಾರ್ಡರಿನ ಕೆಲಸವನ್ನು ಕ್ಷಣದ ಮಾತಾಗಿಸಿತು. ಸಾಲ ಕೇಳುವ, ಕಾಯುವ, ದರ ಇಳಿಯುವ ಹೊತ್ತನ್ನು ನೋಡಿ ಮಾತನಾಡುವ ವಿದ್ಯಾರ್ಥಿ ಜೀವನ ಅಲ್ಲಿಗೆ ಮುಗಿಯಿತೆನ್ನಬಹುದು.

ಪರೀಕ್ಷೆಯ ವರ್ಷ

ಮುಗಿಯಿತೆಂದುಕೊಂಡದ್ದು ಎಲ್ಲರಿಗೂ ಮುಗಿದಿರಲಿಲ್ಲ ಎಂಬುದು 2020ರಲ್ಲಿ ಗೊತ್ತಾಯಿತು. ಆ ವರ್ಷದ ಮಾರ್ಚಿನಲ್ಲಿ ಶಾಲೆ ಕಾಲೇಜುಗಳು ಮುಚ್ಚಿದಾಗ ಪಾಠ ಪರದೆಗೆ ಹೋಯಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ಅಂಕಿಗಳ ಪ್ರಕಾರ ದೇಶದ ಮನೆಗಳಲ್ಲಿ ಗಣಕಯಂತ್ರ ಇದ್ದದ್ದು ಶೇಕಡಾ 10.7ರಲ್ಲಿ, ಅಂತರ್ಜಾಲದ ಸೌಲಭ್ಯ ಇದ್ದದ್ದು ಶೇಕಡಾ 23.8ರಲ್ಲಿ, ಹಳ್ಳಿಗಳಲ್ಲಿ ಈ ಸೌಲಭ್ಯ ಶೇಕಡಾ 15ರಷ್ಟು ಮನೆಗಳಿಗೆ ಮಾತ್ರ. ಇಂತಹ ದೇಶದಲ್ಲಿ ತರಗತಿಯನ್ನು ಇದ್ದಕ್ಕಿದ್ದಂತೆ ಫೋನಿಗೆ ಒಯ್ದಾಗ ಏನಾಗಬಹುದೋ ಅದೇ ಆಯಿತು. ಕರ್ನಾಟಕ ಸರಕಾರ 2020ರ ಜೂನಿನಲ್ಲಿ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಜುಲೈಯಲ್ಲಿ ಹೈಕೋರ್ಟು ಆ ನಿಷೇಧಕ್ಕೆ ತಡೆ ನೀಡಿತು. ಆಗಸ್ಟಿನಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಪಾಠ ಹೇಳುವ ವಿದ್ಯಾಗಮ ಯೋಜನೆ ಬಂತು. ಸೋಂಕಿನ ಭಯದಿಂದ ಅದನ್ನು ಅಕ್ಟೋಬರಿನಲ್ಲಿ ನಿಲ್ಲಿಸಲಾಯಿತು.

ಮಲೆನಾಡು ಮತ್ತು ಕರಾವಳಿಯ ಹುಡುಗರು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ ವರದಿಗಳು ಆಗ ದಿನವೂ ಬರುತ್ತಿದ್ದವು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಹರಡಿತು. ಆ ಚಿತ್ರವನ್ನು ಮೆಚ್ಚಿ ಹಂಚಿಕೊಂಡವರಲ್ಲಿ ಹೆಚ್ಚಿನವರು ತಂದೆಯ ಪ್ರೀತಿಯನ್ನು ಕಂಡರು. ಹತ್ತನೆಯ ತರಗತಿಯ ಹುಡುಗಿ ಮಳೆಯಲ್ಲಿ ಕುಳಿತು ಓದಬೇಕಾಗಿ ಬಂದದ್ದು ಏಕೆ ಎಂಬ ಪ್ರಶ್ನೆ ಅಷ್ಟು ಹರಡಲಿಲ್ಲ. ಕಾಶ್ಮೀರದ ವಿದ್ಯಾರ್ಥಿಗಳ ಸ್ಥಿತಿ ಇನ್ನೂ ಕಠಿನ. 2019ರ ಆಗಸ್ಟಿನಲ್ಲಿ ಕಡಿದ ಸಂಪರ್ಕ 2020ರ ಆರಂಭದಲ್ಲಿ ನಿಧಾನಗತಿಯ 2ಜಿ ರೂಪದಲ್ಲಿ ಮರಳಿತು. 4ಜಿ ಪೂರ್ಣವಾಗಿ ಬಂದದ್ದು 2021ರ ಫೆಬ್ರವರಿಯಲ್ಲಿ. ಪರದೆಯೇ ತರಗತಿಯಾಗಿದ್ದ ಆ ವರ್ಷವನ್ನು ಅಲ್ಲಿನವರು ಹೀಗೆ ಕಳೆದರು. ಸಂಪರ್ಕವನ್ನು ಕಡಿಯುವುದು ಆಡಳಿತದ ಸುಲಭ ಉಪಾಯವಾಗಿ ಬೇರೆ ಕಡೆಯೂ ಬೆಳೆದಿದೆ. ರಾಜಸ್ಥಾನದಲ್ಲಿ 2021ರ ಶಿಕ್ಷಕರ ಅರ್ಹತಾ ಪರೀಕ್ಷೆಯ ದಿನ ನಕಲು ತಡೆಯಲೆಂದು ಅನೇಕ ಜಿಲ್ಲೆಗಳಲ್ಲಿ ಮೊಬೈಲ್ ಅಂತರ್ಜಾಲವನ್ನೇ ನಿಲ್ಲಿಸಲಾಗಿತ್ತು.

ಆ ಎರಡು ವರ್ಷಗಳಲ್ಲಿ ಮನೆಗಳು ಸಾಲ ಮಾಡಿಯಾದರೂ ಫೋನು ಕೊಂಡವು. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಶಾಲಾ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಪ್ರಮಾಣ 2018ರಲ್ಲಿ ಶೇಕಡಾ 36.5; ಅದು 2020ರಲ್ಲಿ ಶೇಕಡಾ 61.8ಕ್ಕೆ ಏರಿತು. ಕಿರಿದಾಗಿದ್ದ ಬಾಗಿಲು ಅಗಲವಾದದ್ದು ಹೀಗೆ, ಯೋಜನೆಯಿಂದಲ್ಲ, ಒತ್ತಡದಿಂದ.

ಯಾರ ಕೈಯಲ್ಲಿ ಫೋನು

ಮನೆಯಲ್ಲಿ ಫೋನು ಇರುವುದು ಬೇರೆ, ವಿದ್ಯಾರ್ಥಿಯ ಕೈಯಲ್ಲಿ ಇರುವುದು ಬೇರೆ. 14ರಿಂದ 18 ವರ್ಷದ ಗ್ರಾಮೀಣ ಯುವಜನರನ್ನು ಕುರಿತ 2023ರ ಅಸರ್ ವರದಿಯಲ್ಲಿ ಸುಮಾರು ಶೇಕಡಾ 90ರಷ್ಟು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಅದನ್ನು ಬಳಸಬಲ್ಲವರ ಪೈಕಿ ತನ್ನದೇ ಫೋನು ಹೊಂದಿದ್ದವರು ಹುಡುಗರಲ್ಲಿ ಶೇಕಡಾ 43.7, ಹುಡುಗಿಯರಲ್ಲಿ ಶೇಕಡಾ 19.8. ಅಣ್ಣನ ಫೋನನ್ನು ಬೇಡಿ ಪಡೆದು ಓದುವ ತಂಗಿ, ಹಿಂದೆ ಅಂಗಡಿಯವರ ಮನೆಯ ಫೋನಿಗೆ ಕಾದು ನಿಂತ ತಾಯಿಯ ಸಾಲಿನಲ್ಲಿಯೇ ಇದ್ದಾಳೆ.

ಈ ವಿಷಯದಲ್ಲಿ ಕೇರಳ ಹೈಕೋರ್ಟಿನ 2019ರ ಸೆಪ್ಟೆಂಬರಿನ ತೀರ್ಪೊಂದು ಮಹತ್ವದ್ದು. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ವಿದ್ಯಾರ್ಥಿ ನಿಲಯದಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವಿತ್ತು. ಅದನ್ನು ಒಪ್ಪದ ವಿದ್ಯಾರ್ಥಿನಿಯನ್ನು ನಿಲಯದಿಂದ ಹೊರಹಾಕಲಾಗಿತ್ತು. ಆಕೆ ನ್ಯಾಯಾಲಯಕ್ಕೆ ಹೋದಳು. ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿದ ನ್ಯಾಯಾಲಯ ಆಕೆಯನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಓದುವ ಹೊತ್ತಿನಲ್ಲಿ ಫೋನು ಬೇಡ ಎಂಬ ನಿಯಮ ಮೇಲ್ನೋಟಕ್ಕೆ ಹಿತವಚನದಂತೆ ಕಾಣುತ್ತದೆ. ಆದರೆ ವಯಸ್ಕಳಾದ ವಿದ್ಯಾರ್ಥಿನಿ ಏನನ್ನು, ಯಾವಾಗ, ಹೇಗೆ ಓದಬೇಕೆಂಬುದನ್ನು ಆಕೆಯೇ ನಿರ್ಧರಿಸಬೇಕೆಂಬುದು ಆ ತೀರ್ಪಿನ ಸಾರ.

ಇದಕ್ಕೆ ಎದುರಾದ ಇನ್ನೊಂದು ಪ್ರವೃತ್ತಿಯನ್ನೂ ಹೇಳಬೇಕು. ಹಿಂದೆ ಊರು ಬಿಟ್ಟ ವಿದ್ಯಾರ್ಥಿ ನಿಜವಾಗಿಯೂ ಊರು ಬಿಡುತ್ತಿದ್ದ. ವಾರಕ್ಕೊಂದು ಪತ್ರದ ನಡುವಿನ ಆರು ದಿನ ಅವನದೇ ಆಗಿರುತ್ತಿದ್ದವು. ತಪ್ಪು ಮಾಡಿ ತಿದ್ದಿಕೊಳ್ಳಲು, ಹೊಸ ಪುಸ್ತಕ ಓದಿ ಹೊಸ ಮನುಷ್ಯನಾಗಲು ಅಷ್ಟು ಅವಕಾಶ ಸಿಗುತ್ತಿತ್ತು. ಇಂದು ಮಗಳು ಎಲ್ಲಿದ್ದಾಳೆಂಬುದು ತಂದೆಯ ಫೋನಿನ ನಕ್ಷೆಯಲ್ಲಿ ಕಾಣುತ್ತದೆ. 2014ರಲ್ಲಿ ವಾಟ್ಸಾಪಿಗೆ ಬಂದ ನೀಲಿ ಗುರುತು ಸಂದೇಶವನ್ನು ಓದಿಯೂ ಉತ್ತರಿಸದಿರುವುದನ್ನು ಅಪರಾಧವಾಗಿಸಿತು. ಕಾಲೇಜು ಹಾಜರಿಯನ್ನು ಮನೆಗೆ ಸಂದೇಶವಾಗಿ ಕಳಿಸುತ್ತದೆ. ದೂರ ಕಡಿಮೆಯಾದದ್ದು ಹಿತವೇ, ಆದರೆ ದೂರದಲ್ಲಿ ಬೆಳೆಯುವ ಸ್ವಾತಂತ್ರ್ಯವೂ ಅದರೊಡನೆ ಕಡಿಮೆಯಾಗಿದೆ. ಊರು ಬಿಟ್ಟು ಓದಿದ ಆಲೂರರೂ ಬೇಂದ್ರೆಯವರೂ ಪುಣೆಯಲ್ಲಿ ಮರಾಠಿಯ ನಡುವೆ ಕನ್ನಡದ ಬಗ್ಗೆ ಯೋಚಿಸುವಂತಾದದ್ದಕ್ಕೆ ಆ ದೂರವೂ ಒಂದು ಕಾರಣವಾಗಿರಬಹುದು.

ಕನ್ನಡ ಎಲ್ಲಿ ಸಿಗುತ್ತದೆ

ಹೊರನಾಡಿನವರಾದ ನಮಗೆ ಈ ಇತಿಹಾಸದ ಕೊನೆಯ ಅಧ್ಯಾಯ ಇನ್ನಷ್ಟು ಹತ್ತಿರದ್ದು. ತೊಂಬತ್ತರ ದಶಕದಲ್ಲಿ ಗಣಕಯಂತ್ರದಲ್ಲಿ ಕನ್ನಡ ಬರೆಯುವುದೇ ಸಾಹಸವಾಗಿತ್ತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಬರಹ, ಆಮೇಲೆ ಬಂದ ನುಡಿ ತಂತ್ರಾಂಶ, ಯೂನಿಕೋಡಿನ ಬಳಕೆ ಇವುಗಳಿಂದ ದಾರಿ ತೆರೆಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಫೋನುಗಳಲ್ಲಿ ಕನ್ನಡ ಅಕ್ಷರಗಳ ಬದಲು ಚೌಕಾಕಾರದ ಖಾಲಿ ಡಬ್ಬಿಗಳು ಕಾಣುತ್ತಿದ್ದ ಕಾಲ ಇನ್ನೂ ನೆನಪಿನಲ್ಲಿದೆ. ಇಂದು ದೆಹಲಿಯ ವಿದ್ಯಾರ್ಥಿ ಫೋನಿಗೆ ಕನ್ನಡದಲ್ಲಿ ಮಾತನಾಡಿ ಅಕ್ಷರ ಮೂಡಿಸಬಹುದು. ಮುಂಬಯಿಯಲ್ಲಿ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗಿ ಅಜ್ಜಿಯೊಡನೆ ವಿಡಿಯೋ ಕರೆಯಲ್ಲಿ ತಿದ್ದಿಸಿಕೊಳ್ಳುತ್ತ ವರ್ಣಮಾಲೆ ಕಲಿಯಬಹುದು. ಹಳೆಯ ಪುಸ್ತಕಗಳ ಸಾವಿರಾರು ಸ್ಕ್ಯಾನ್ ಪ್ರತಿಗಳು ಉಚಿತವಾಗಿ ಸಿಗುತ್ತವೆ. ಕನ್ನಡದ ಸಾಮಗ್ರಿಯ ಕೊರತೆ ಹೊರನಾಡಿಗೆ ಈಗ ದೊಡ್ಡ ಅಡ್ಡಿಯಲ್ಲ.

ಕಡಿಮೆಯಾದದ್ದು ಬೇರೆಯದು. ಹೊಸದಾಗಿ ಪುಣೆಗೆ ಬಂದ ವಿದ್ಯಾರ್ಥಿಗೆ ಖೋಲಿ ಹುಡುಕಲು, ಊಟ ತರಿಸಲು, ದಾರಿ ತಿಳಿಯಲು, ಊರಿಗೆ ಮಾತನಾಡಲು ಕನ್ನಡ ಸಂಘದ ಬಾಗಿಲು ತಟ್ಟಬೇಕಾಗಿಲ್ಲ. ನಮ್ಮ ಸಭೆಗಳಲ್ಲಿ ತಲೆ ನರೆತವರೇ ಹೆಚ್ಚಾಗಿ ಕಾಣುವುದಕ್ಕೆ ಕಿರಿಯರ ಭಾಷಾಭಿಮಾನ ಕಡಿಮೆಯಾದದ್ದು ಕಾರಣವೆಂದು ನಾವು ದೂರುವುದುಂಟು. ಅದಕ್ಕಿಂತ ಸರಳವಾದ ಕಾರಣವಿದೆ. ಹಿಂದಿನವರು ಸಂಘಕ್ಕೆ ಬಂದದ್ದು ಮೊದಲು ಅಗತ್ಯಕ್ಕಾಗಿ. ಅಭಿಮಾನ ಆಮೇಲೆ ಬೆಳೆಯಿತು. ಈಗ ಆ ಅಗತ್ಯವನ್ನು ಫೋನು ಪೂರೈಸುತ್ತಿದೆ. ರಾತ್ರಿಶಾಲೆಗಳನ್ನು ಕಟ್ಟಿದ ಹಿರಿಯರು ಬಂದ ಹುಡುಗರಿಗೆ ಅಭಿಮಾನದ ಉಪದೇಶ ಮಾಡುತ್ತ ಕೂರಲಿಲ್ಲ. ಅವರಿಗೆ ಏನು ಇಲ್ಲವೆಂಬುದನ್ನು ನೋಡಿ ಅದನ್ನು ಒದಗಿಸಿದರು. ದೀಪ, ಹಲಗೆ, ಮೇಷ್ಟ್ರು, ರಾತ್ರಿ ಎರಡು ಗಂಟೆಯ ಕಾಲ.

ಹಾಗಾದರೆ ಇಂದಿನ ವಿದ್ಯಾರ್ಥಿಗೆ ಇಲ್ಲದಿರುವುದು ಏನೆಂದು ನಾವೂ ಕೇಳಬೇಕು. ಹತ್ತು ಜನ ಹಂಚಿಕೊಂಡ ಖೋಲಿಯಲ್ಲಿ ಸದ್ದಿಲ್ಲದೆ ಕೂತು ಓದುವ ಜಾಗವಿಲ್ಲ. ಹೋಟೆಲಿನಲ್ಲಿ ದುಡಿಯುತ್ತ ದೂರಶಿಕ್ಷಣದಲ್ಲಿ ಪದವಿ ಮಾಡುವ ಹುಡುಗನ ಬಳಿ ಫೋನು ಇದೆ, ಗಣಕಯಂತ್ರವಿಲ್ಲ. ಪರದೆಯಲ್ಲಿ ಸಾವಿರ ಪಾಠಗಳಿವೆ, ತಪ್ಪನ್ನು ತೋರಿಸಿ ತಿದ್ದುವವರಿಲ್ಲ. ನೂರಾರು ಸಂಪರ್ಕಗಳಿವೆ, 2012ರ ಆಗಸ್ಟಿನಂತಹ ರಾತ್ರಿ ಬಂದರೆ ಬಾಗಿಲು ತೆರೆದು ಒಳಗೆ ಕೂರಿಸುವವರು ಯಾರೆಂದು ಗೊತ್ತಿಲ್ಲ. ನಮ್ಮ ಸಂಘಗಳ ಬಳಿ ಅನೇಕ ಕಡೆ ಸ್ವಂತ ಕಟ್ಟಡವಿದೆ. ವಾರದಲ್ಲಿ ಐದು ದಿನ ಅದು ಬೀಗ ಹಾಕಿಕೊಂಡಿರುತ್ತದೆ. ನಿವೃತ್ತರಾದ ಪ್ರಾಧ್ಯಾಪಕರು, ಎಂಜಿನಿಯರರು, ಲೆಕ್ಕಿಗರು ನಮ್ಮಲ್ಲಿಯೇ ಇದ್ದಾರೆ. ನಾಲ್ಕು ಗಣಕಯಂತ್ರ, ಒಂದು ಒಳ್ಳೆಯ ಸಂಪರ್ಕ, ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ತೆರೆದ ಒಂದು ಕೋಣೆ, ಅಲ್ಲಿ ಸರದಿಯಂತೆ ಕುಳಿತುಕೊಳ್ಳುವ ಒಬ್ಬ ಹಿರಿಯರು. ಇಷ್ಟಕ್ಕೆ ದೊಡ್ಡ ದೇಣಿಗೆಯೂ ಬೇಡ, ಉದ್ಘಾಟನೆಗೆ ಮಂತ್ರಿಯೂ ಬೇಡ. ರಾಜ್ಯೋತ್ಸವದ ಒಂದು ಸಂಜೆಗೆ ಆಗುವ ಖರ್ಚಿನ ಒಂದು ಭಾಗವನ್ನು ಇದಕ್ಕೆ ಎತ್ತಿಟ್ಟರೂ ಆರಂಭಿಸಬಹುದು. ಬರುವ ಹುಡುಗ ಹುಡುಗಿಯರು ಮೊದಲು ಗಣಕಯಂತ್ರಕ್ಕಾಗಿಯೇ ಬರಲಿ. ಕನ್ನಡದ ಮಾತು ಅಲ್ಲಿ ಹೇಗೂ ಕಿವಿಗೆ ಬೀಳುತ್ತದೆ.